ಒಂದು ಗಂಟೆಯ ತೋಪು

ಜನವರಿ 12, 2009, ಸೋಮವಾರ

ಈ ಡೈರಿ ಕೊಟ್ಟವರು ನಮ್ಮ ಕಂಪನಿಯವರೇ. ಡಿಸೆಂಬರ್‌ನಲ್ಲಿ ಎಲ್ಲರ ಮೇಜಿನ ಮೇಲೂ ಒಂದೊಂದು ಇಟ್ಟು ಹೋದರು. ಮುಖಪುಟದ ಮೇಲೆ ಬಂಗಾರದ ಅಕ್ಷರದಲ್ಲಿ ಕಂಪನಿಯ ಹೆಸರು, ಒಳಗೆ ಹೊಸ ವರ್ಷದ ಶುಭಾಶಯ. ಆ ಹೊಸ ವರ್ಷದ ಒಂಬತ್ತನೆಯ ದಿನ, ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಹದಿನಾಲ್ಕು ವರ್ಷ ಗೇರ್‌ಬಾಕ್ಸ್ ಡಿಸೈನ್ ಮಾಡಿದ ನನ್ನನ್ನು ಒಂದು ಕೋಣೆಗೆ ಕರೆದು ಹನ್ನೊಂದು ನಿಮಿಷದಲ್ಲಿ ಕೆಲಸದಿಂದ ತೆಗೆದರು. ಬ್ಯಾಡ್ಜ್ ತೆಗೆದುಕೊಂಡರು, ಲ್ಯಾಪ್‌ಟಾಪ್ ತೆಗೆದುಕೊಂಡರು, ಡೈರಿ ಮಾತ್ರ ಕೇಳಲಿಲ್ಲ. ಇಂಥದ್ದು ಯಾರಿಗೆ ಬೇಕು ಅಂದುಕೊಂಡಿರಬೇಕು. ನನಗೆ ಬೇಕು. ಅವರ ಹೆಸರಿನ ಕೆಳಗೇ ಅವರನ್ನು ಬೈದು ಬರೆಯುತ್ತೇನೆ.

ಬರೆಯುತ್ತಿರುವುದು ಲೈಬ್ರರಿಯಲ್ಲಿ, ಮನೆಯಿಂದ ಒಂಬತ್ತು ಮೈಲಿ ದೂರ. ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನಮ್ಮ ಹತ್ತಿರದ ಲೈಬ್ರರಿಗೆ ಹೋದರೆ ಯಾರಾದರೂ ಕನ್ನಡದವರು ಕಂಡು ‘ಏನ್ ಶ್ರೀಹರಿ, ಇವತ್ತು ರಜಾನಾ?’ ಎನ್ನುತ್ತಾರೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದು, ಲ್ಯಾಪ್‌ಟಾಪಿಲ್ಲದ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಎಂಟೂವರೆಗೆ ಮನೆ ಬಿಟ್ಟೆ. ಬ್ಯಾಗು ಹಗುರ ಅನ್ನಿಸಬಾರದೆಂದು ಒಳಗೆ ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟಿದ್ದೇನೆ. ನಲವತ್ಮೂರು ವರ್ಷದ ಗಂಡಸು!

ಇದೆಲ್ಲ ಅಪ್ಪನಿಗಾಗಿ. ಮೈಸೂರಿನ ನಿವೃತ್ತ ಸರ್ಜನ್ ಡಾಕ್ಟರ್ ಜಯಸಿಂಹ, ಎಪ್ಪತ್ನಾಲ್ಕು ವರ್ಷ, ಅಮ್ಮ ಹೋದ ಮೇಲೆ ಮೊದಲ ಸಲ ಆರು ತಿಂಗಳಿಗೆಂದು ನವೆಂಬರಿನಲ್ಲಿ ಬಂದಿದ್ದಾರೆ. ಎಂಬತ್ಮೂರರಲ್ಲಿ ನಾನು ಮೆಡಿಕಲ್ ಸೀಟು ಬಿಟ್ಟು ಎಂಜಿನಿಯರಿಂಗ್ ಸೇರಿದಾಗ ನಾಲ್ಕು ತಿಂಗಳು ಮಾತು ಬಿಟ್ಟವರು. ‘ಕಾಯಿಲೆ ಯಾವತ್ತೂ ನಿಲ್ಲಲ್ಲ ಕಣೋ, ಕಾರ್ಖಾನೆ ನಿಲ್ಲತ್ತೆ,’ ಅಂದಿದ್ದರು. ಇಪ್ಪತ್ತಾರು ವರ್ಷದ ಮೇಲೆ ಆ ಮಾತು ನಿಜವಾಯಿತೆಂದು ಅವರ ಮುಖ ನೋಡಿ ಹೇಳಲು ನನ್ನಿಂದ ಸಾಧ್ಯವಿಲ್ಲ. ಅವರು ಏಪ್ರಿಲ್ 21ಕ್ಕೆ ವಾಪಸ್ ಹೊರಡುವವರೆಗೆ ನನಗೆ ಕೆಲಸ ಇದೆ. ಅಷ್ಟೇ.

ಭಾನು ಒಪ್ಪಿದ್ದಾಳೆ, ಮುಖ ಗಂಟು ಹಾಕಿಕೊಂಡು. ‘ಮಾವನ ಹತ್ರ ನೀವು ಏನಾದ್ರೂ ಹೇಳ್ಕೊಳ್ಳಿ. ಇಂಚರಾ ಬಾಯಲ್ಲಿ ಮಾತ್ರ ಸುಳ್ಳು ಹೇಳಿಸ್ಬೇಡಿ,’ ಎಂದಳು. ಅದಕ್ಕೆ ಮಗಳಿಗೂ ಹೇಳಿಲ್ಲ.

ಜನವರಿ 15, ಗುರುವಾರ

ಈ ಲೈಬ್ರರಿ ಗುರುವಾರ ತೆರೆಯುವುದು ಹನ್ನೆರಡು ಗಂಟೆಗಂತೆ! ಬಾಗಿಲಲ್ಲಿ ಬರೆದು ಹಾಕಿದ್ದಾರೆ, ನಾನು ನೋಡಿರಲಿಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ಕಾರಿನಲ್ಲೇ ಕೂತೆ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ, ಫ್ಯಾರನ್‌ಹೀಟು. ಹತ್ತು ನಿಮಿಷ ಎಂಜಿನ್ ಹಚ್ಚುವುದು, ಇಪ್ಪತ್ತು ನಿಮಿಷ ಆರಿಸುವುದು. ಆಫೀಸಿನಲ್ಲಿ ಮೂರಂತಸ್ತಿನ ಪಾರ್ಕಿಂಗ್ ಇತ್ತು. ಹದಿನಾಲ್ಕು ವರ್ಷ ನನ್ನ ಕಾರಿನ ಮೇಲೆ ಹಗಲು ಹೊತ್ತು ಹಿಮ ಬಿದ್ದದ್ದೇ ಇಲ್ಲ. ಇವತ್ತು ಮೇಲೆ ನಾಲ್ಕಿಂಚು ಕೂತಿತ್ತು. ಗಾಜು ಒರೆಸಿ ಮನೆಗೆ ಹೋದೆ, ಉಳಿದದ್ದು ಒರೆಸಲು ಬೆರಳು ಬರಲಿಲ್ಲ.

ಅಪ್ಪ ಗರಾಜಿನ ಬಾಗಿಲಲ್ಲಿ ನಿಂತು ಕಾರನ್ನು ನೋಡಿದರು. ‘ಕೈ ಬಿಸಿ ಮಾಡ್ಕೋ,’ ಎಂದರು.

ಜನವರಿ 21, ಬುಧವಾರ

ಅಪ್ಪನಿಗೆ ಇರುವುದು ಒಂದೇ ಊರು, ಎಡಿನ್‌ಬರೋ. ಸರ್ಜನ್ನರ ಎಫ್.ಆರ್.ಸಿ.ಎಸ್. ಪರೀಕ್ಷೆ ಕಟ್ಟಲು ಹೋಗಿ ಅರವತ್ತೊಂದರಿಂದ ಅರವತ್ತನಾಲ್ಕರವರೆಗೆ ಮೂರು ವರ್ಷ ಅಲ್ಲಿದ್ದರು. ಆ ಮೂರು ವರ್ಷವನ್ನು ನಾಲ್ಕು ದಶಕದಿಂದ ನಮಗೆ ಬಡಿಸುತ್ತಿದ್ದಾರೆ. ಈಗ ಶ್ರೋತೃ ಇಂಚರ. ಸಂಜೆ ಊಟಕ್ಕೆ ಕೂತರೆ ಸಾಕು, ಹೊಸಬರಿಗೆ ಊರಿನ ಪರಿಚಯ ಶುರು.

‘ಮೊದಲ ಸಲ ಬರೋರು ವೇವರ್ಲಿ ಸ್ಟೇಷನ್ನಲ್ಲಿ ಇಳೀಬೇಕು, ಪುಟ್ಟಿ. ಮೆಟ್ಲು ಹತ್ತೋವಾಗ ಟೋಪಿ ಕೈಲಿ ಹಿಡ್ಕೋಬೇಕು, ಇಲ್ದಿದ್ರೆ ಗಾಳಿ ಹಾರಿಸ್ಕೊಂಡು ಹೋಗತ್ತೆ. ಮೇಲೆ ಬಂದ್ರೆ ಪ್ರಿನ್ಸಸ್ ಸ್ಟ್ರೀಟು. ಅಂಗಡಿ ಒಂದೇ ಕಡೆ. ಇನ್ನೊಂದು ಕಡೆ ತೋಟ, ತೋಟದಾಚೆ ಬಂಡೆ, ಬಂಡೆ ಮೇಲೆ ಕೋಟೆ. ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದು ಗಂಟೆಗೆ ಆ ಕೋಟೇಲಿ ತೋಪು ಹಾರಿಸ್ತಾರೆ. ಢಂ! ಬೀದೀಲಿರೋರೆಲ್ಲ ಕೈ ಎತ್ತಿ ವಾಚ್ ನೋಡ್ಕೋತಾರೆ. ನೋಡ್ಕೊಳ್ದೇ ಇರೋನು ಟೂರಿಸ್ಟು. ಇಲ್ಲಾ...’

ಅಲ್ಲಿಗೆ ನಿಲ್ಲಿಸಿ ಮೊಸರನ್ನ ಕಲೆಸಿದರು. ಮೈಯೆಲ್ಲ ಉರಿಯಿತು ನನಗೆ. ಇಪ್ಪತ್ತೇಳು ವರ್ಷಕ್ಕೆ ಪರದೇಶಕ್ಕೆ ಹೋಗಿ ಗೆದ್ದು ಬಂದವರ ಕಥೆ ಕೇಳಿಕೊಂಡು, ಇಡೀ ದಿನ ಮೂವತ್ತು ಕಂಪನಿಗಳಿಗೆ ಅಪ್ಲೈ ಮಾಡಿ ಬಂದ ನಾನು ಹುಳಿ ಬಡಿಸಿಕೊಳ್ಳಬೇಕು. ಅವರ ತೋಪು ಅವರ ಹತ್ತಿರವೇ ಇರಲಿ.

ಜನವರಿ 27, ಮಂಗಳವಾರ

ಲೈಬ್ರರಿಯಿಂದ ಎಡಿನ್‌ಬರೋ ಗೈಡ್ ಪುಸ್ತಕ ಎರವಲು ತಂದಿದ್ದೇನೆ. ಪ್ರವಾಸದ ಆಸೆಗಲ್ಲ, ಅಪ್ಪನ ತಪ್ಪು ಹಿಡಿಯಲು. ಐವತ್ತು ವರ್ಷದ ನೆನಪಿನಲ್ಲಿ ಹತ್ತು ತಪ್ಪಾದರೂ ಸಿಗಬೇಡವೇ? ಟಿಪ್ಪಣಿ ಮಾಡಿಕೊಂಡು ಕೂತೆ. ಒಂದೂ ಸಿಗಲಿಲ್ಲ. ಸ್ಟೇಷನ್ನಿನ ಮೆಟ್ಟಿಲಿನ ಗಾಳಿಯನ್ನು ಕೂಡ ಪುಸ್ತಕದಲ್ಲಿ ಬರೆದಿದ್ದಾರೆ, ಹಾಳಾದವರು.

ಆದರೆ ಅಪ್ಪ ಹೇಳುವ ಅರ್ಧದಷ್ಟು ಯಾವ ಪುಸ್ತಕದಲ್ಲೂ ಇಲ್ಲ. ತೋಟದಲ್ಲಿ ಹೂವಿನ ಗಡಿಯಾರದ ಹತ್ತಿರದ ಬೆಂಚಿಗೆ ಹನ್ನೊಂದರಿಂದ ಹನ್ನೆರಡೂವರೆವರೆಗೆ ಬಿಸಿಲು ಬೀಳುತ್ತದಂತೆ. ಚಿತ್ರಶಾಲೆಯಲ್ಲಿ ಕೆಳಗಿನ ಕೋಣೆಗಿಂತ ಮೇಲಿನದು ಬೆಚ್ಚಗಂತೆ. ಒಂದು ಕಪ್ ಚಹಾ ತೆಗೆದುಕೊಂಡು ಎರಡು ಗಂಟೆ ಕೂತರೂ ಏಳು ಎನ್ನದ ಅಂಗಡಿ ಹೈ ಸ್ಟ್ರೀಟಿನಲ್ಲಿ ಒಂದೇ ಒಂದು ಇತ್ತಂತೆ. ಎಲ್ಲಕ್ಕಿಂತ ಹೆಚ್ಚಾಗಿ ಬಟಾನಿಕಲ್ ಗಾರ್ಡನ್ನಿನ ಗಾಜಿನ ಮನೆ. ‘ಹೊರಗೆ ಮೊಣಕಾಲುದ್ದ ಹಿಮ. ಬಾಗಿಲು ತಳ್ಳಿ ಒಳಗೆ ಹೋದ್ರೆ ತಾಳೆ ಮರ! ಸೆಖೆ! ಕನ್ನಡಕಕ್ಕೆ ಹಬೆ ಹಿಡಿಯೋದು. ಒರೆಸ್ಕೊಂಡು ನೋಡಿದ್ರೆ ಲಾಲ್‌ಬಾಗಲ್ಲಿ ನಿಂತ ಹಾಗೆ.’

ಇಂಚರ ಚಮಚ ಕೆಳಗಿಟ್ಟು ಕೇಳಿದಳು: ‘ತಾತ, ಹೌ ಕಮ್ ಆಲ್ ಯುವರ್ ಪ್ಲೇಸಸ್ ಆರ್ ಫ್ರೀ?’

ಅಪ್ಪ ನಕ್ಕು ನೀರು ಕುಡಿದರು. ಆಮೇಲೆ ನನ್ನ ಗೈಡ್ ಪುಸ್ತಕ ಕೇಳಿ ತೆಗೆದುಕೊಂಡು ಕೋಣೆಗೆ ಹೋದರು. ನನ್ನ ಬುಕ್‌ಮಾರ್ಕು ಅದರಲ್ಲೇ ಉಳಿಯಿತು. ಲೈಬ್ರರಿಯವರು ಕೊಟ್ಟದ್ದು, ಹಿಂದೆ ಅವರ ವೇಳೆಯೆಲ್ಲ ಅಚ್ಚಾಗಿದೆ. ಇರಲಿ, ಯಾರು ಓದುತ್ತಾರೆ.

ಜನವರಿ 29, ಗುರುವಾರ

ಕಾರಿನಲ್ಲಿ. ಇವತ್ತು ಬೆಳಿಗ್ಗೆ ಅಪ್ಪ ಒಂದು ಫ್ಲಾಸ್ಕಿನ ಬದಲು ಎರಡು ಫ್ಲಾಸ್ಕು ಕಾಫಿ ಕೊಟ್ಟರು. ಮೇಲೊಂದು ಅಮ್ಮನ ಶಾಲು. ಯಾಕೆ ಎಂದರೆ ‘ಇವತ್ತು ಗುರುವಾರ’ ಎಂದರು. ಗುರುವಾರಕ್ಕೂ ಎರಡನೆಯ ಫ್ಲಾಸ್ಕಿಗೂ ಏನು ಸಂಬಂಧವೋ ರಾಯರಿಗೇ ಗೊತ್ತು. ವಯಸ್ಸಾಯಿತು.

ಎರಡನ್ನೂ ಖಾಲಿ ಮಾಡಿದೆ.

ಫೆಬ್ರವರಿ 10, ಮಂಗಳವಾರ

ಯಾವುದಕ್ಕೆ ಹೆದರಿ ಒಂಬತ್ತು ಮೈಲಿ ಬಂದೆನೋ ಅದೇ ಆಯಿತು. ಧಾರವಾಡದ ಗದಿಗೆಪ್ಪ, ಇಲ್ಲಿನ ಕನ್ನಡ ಕೂಟದ ಯುಗಾದಿಗೆ ಸ್ಟೇಜಿನ ಹಿಂದೆ ಕುರ್ಚಿ ಹೊರುವವನು, ಇಡೀ ಲೈಬ್ರರಿಗೆ ಕೇಳುವಂತೆ ‘ಏನ್ರೀ ಶ್ರೀಹರಿ ಸರ, ನಿಮ್ಮನ್ನೂ ತಗದ್ರೇನು?’ ಎಂದ. ಪಕ್ಕದ ಮೇಜಿನ ಮುದುಕಿ ತಲೆ ಎತ್ತಿ ನೋಡಿದಳು. ಅವಳಿಗೆ ಕನ್ನಡ ಬರದಿದ್ದರೂ ಅರ್ಥವಾದಂತಿತ್ತು.

ಹೊರಗೆ ಕರೆದುಕೊಂಡು ಹೋಗಿ ಬಾಯಿ ಮುಚ್ಚಿಸಿದೆ. ಅಪ್ಪನಿಗೆ ಹೇಳಿಲ್ಲ ಎಂದೆ. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ‘ನಾ ಅಂತೂ ಅವತ್ತ ನಮ್ಮವ್ವಗ ಫೋನ್ ಹಚ್ಚಿ ಹೇಳಿಬಿಟ್ಟೆ ನೋಡ್ರಿ. ಕಮಲವ್ವ ಏನಂದ್ಲು ಗೊತ್ತೇನು? ಹೋಗಿದ್ದು ಕೆಲಸ ಹೌದಿಲ್ಲೋ, ನೀ ಅದೀಯಲ್ಲಾ, ಉಂಡಿ ಏನು, ಅಂದ್ಲು.’

ಅವನಿಗೇನು, ಕಮಲವ್ವ ಇದ್ದಾಳೆ. ನನ್ನ ತಂದೆ ಸರ್ಜನ್. ಅವರ ಎದುರು ಸೋತವನು ಸೋತವನೇ. ಇದನ್ನು ಗದಿಗೆಪ್ಪನಿಗೆ ಹೇಳಿದೆ. ಅವನು ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟ. ಅದಕ್ಕೂ ಸಿಟ್ಟು ಬಂತು. ರೊಟ್ಟಿ ಚೆನ್ನಾಗಿತ್ತು.

ಫೆಬ್ರವರಿ 19, ಗುರುವಾರ

ಎರಡು ಫ್ಲಾಸ್ಕು. ಕೇಳುವುದನ್ನು ಬಿಟ್ಟಿದ್ದೇನೆ.

ನಿನ್ನೆ ಅಪ್ಪ ಹೊಸ ರಾಗ ತೆಗೆದರು. ಹೋಗುವಾಗ ದಾರಿಯಲ್ಲಿ ಎಡಿನ್‌ಬರೋದಲ್ಲಿ ನಾಲ್ಕು ದಿನ ಇಳಿಯುತ್ತಾರಂತೆ. ಬೆಂಗಳೂರು ಬಿಡುವ ಮೊದಲೇ ವೀಸಾ ಮಾಡಿಸಿಕೊಂಡು ಬಂದಿದ್ದಾರೆ, ಘಾಟಿ ಮುದುಕ. ‘ನೀನೂ ಬಾ, ಶ್ರೀ. ಒಂದು ವಾರ ರಜೆ ಹಾಕು. ಆ ಊರು ನಿನಗೆ ಒಂದ್ಸಲ ತೋರಿಸ್ಬೇಕು ನಾನು.’

ರಜೆ! ನನ್ನ ಹತ್ತಿರ ಇರುವುದು ಅದೊಂದೇ. ಮುಂದಿನ ವಾರವೂ ರಜೆ, ಅದರ ಮುಂದಿನ ವಾರವೂ ರಜೆ. ಆದರೆ ನನ್ನ ಬಾಯಿಂದ ಬಂದದ್ದು: ‘ರಜೆ ಸಿಗಲ್ಲ ಅಪ್ಪ. ಪ್ರಾಜೆಕ್ಟ್ ಇದೆ.’

‘ಕೇಳಿ ನೋಡು.’

‘ಸಿಗಲ್ಲ ಅಂದ್ನಲ್ಲ!’

ಭಾನು ಎದ್ದು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ, ಚುಚ್ಚಲೆಂದೇ ಕೇಳಿದೆ: ‘ಯಾವಾಗ್ಲೂ ಬೆಂಚು, ಬಿಸಿಲು, ಗಾಜಿನ ಮನೆ. ಆಸ್ಪತ್ರೆ ಎಲ್ಲಿ? ಮೈಸೂರಲ್ಲಿ ಮಾಡಿದ ಒಂದೊಂದು ಆಪರೇಷನ್ನೂ ನಂಗೆ ಬಾಯಿಪಾಠ ಆಗಿದೆ. ಅಲ್ಲಿ ಎಷ್ಟು ಮಾಡಿದ್ರಿ, ಅದನ್ನ ಒಂದಿನಾನೂ ಹೇಳಿಲ್ವಲ್ಲ?’

‘ಊಟ ಮಾಡು,’ ಎಂದರು.

ಅವರ ಬಾಯಿ ಮುಚ್ಚಿಸಿದೆ. ಮೊದಲ ಸಲ. ರಾತ್ರಿ ಸಂತೋಷವಾಗಿ ನಿದ್ದೆ ಬರಬೇಕಿತ್ತು, ಬರಲಿಲ್ಲ.

ಮಾರ್ಚ್ 3, ಮಂಗಳವಾರ

ಏನೂ ಇಲ್ಲ. ಗದಿಗೆಪ್ಪನಿಗೆ ಓಹಾಯೋದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಒಳ್ಳೆಯದಾಗಲಿ ಎಂದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 14, ಶನಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಎರಡು ತಿಂಗಳಲ್ಲಿ ಬಂದ ಒಂದೇ ಒಂದು ಇಂಟರ್‌ವ್ಯೂ, ಶಿಕಾಗೋ ಹತ್ತಿರ ಲಿಸ್ಲ್‌ನಲ್ಲಿ. ಆಫೀಸಿನ ಮೀಟಿಂಗು ಎಂದು ಹೇಳಿದ್ದೆ. ‘ನಾನು ಶಿಕಾಗೋ ನೋಡಿಲ್ಲ,’ ಎಂದು ಅಪ್ಪ ಶೂ ಹಾಕಿಕೊಂಡು ಬಂದು ಕಾರಿನಲ್ಲಿ ಕೂತೇಬಿಟ್ಟರು. ಬೆಳಗಿನ ಜಾವ ಹೊರಟು ಸುಮಾರು ಮುನ್ನೂರು ಮೈಲಿ ಡ್ರೈವ್ ಮಾಡಿದೆ. ಅವರನ್ನು ಲಾಬಿಯಲ್ಲಿ ಕೂರಿಸಿ ಒಳಗೆ ಹೋದೆ.

ಇಬ್ಬರು ಹುಡುಗರು, ಇಬ್ಬರದೂ ಸೇರಿಸಿದರೆ ನನ್ನ ಅನುಭವದ ಅರ್ಧ ಇಲ್ಲ. ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಒಬ್ಬ ಕೇಳಿದ. ಸೋಮವಾರ ಎಲ್ಲಿರುತ್ತೇನೆ ಎಂದೇ ನನಗೆ ಗೊತ್ತಿಲ್ಲ, ಮಾರಾಯ! ಇಪ್ಪತ್ತೈದು ನಿಮಿಷಕ್ಕೆ ಎದ್ದು ನಿಂತರು. ನಿಮ್ಮ ಅನುಭವ ಈ ಕೆಲಸಕ್ಕೆ ಹೆಚ್ಚಾಯಿತು ಎಂದು ಕೈ ಕುಲುಕಿದರು. ಶಿಕಾಗೋ ತೋರಿಸುವ ಮನಸ್ಸಿರಲಿಲ್ಲ. ಅಪ್ಪನೂ ಕೇಳಲಿಲ್ಲ.

ಮಿಶಿಗನ್ ಗಡಿ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಅಪ್ಪ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟು, ಮುಂದಿನ ಗಾಜು ನೋಡುತ್ತ ಕೇಳಿದರು: ‘ಇಂಟರ್‌ವ್ಯೂ ಹೇಗಾಯ್ತು?’

ಕಾಫಿ ನನ್ನ ತೊಡೆಯ ಮೇಲೆ ಚೆಲ್ಲಿತು.

‘ಭಾನು ಹೇಳಿದ್ಲಾ?’

‘ಯಾರೂ ಹೇಳಿಲ್ಲ. ನವೆಂಬರಲ್ಲಿ, ಡಿಸೆಂಬರಲ್ಲಿ ನಿನ್ನ ಕಾರು ಸಂಜೆ ಒಣಗಿರೋದು. ಜನವರಿ ಮಧ್ಯದಿಂದ ನಾಲ್ಕಿಂಚು ಹಿಮ ಹೊತ್ಕೊಂಡು ಬರಕ್ಕೆ ಶುರುವಾಯ್ತು. ಆಮೇಲೆ ನಿನ್ನ ಬುಕ್‌ಮಾರ್ಕಲ್ಲಿ ನೋಡ್ದೆ. ಗುರುವಾರ ಹನ್ನೆರಡಕ್ಕೆ ತೆಗೀತಾರೆ.’

ಎರಡು ಫ್ಲಾಸ್ಕು. ಶಾಲು. ಜೀವಮಾನದಲ್ಲಿ ಅಪ್ಪನ ಎದುರು ಅಷ್ಟು ಜೋರಾಗಿ ಕೂಗಿದವನಲ್ಲ. ‘ಗೊತ್ತಿದ್ದೂ ಸುಮ್ನಿದ್ರಾ? ಒಂಬತ್ತು ವಾರ! ನಾನು ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟ್ ಹಾಕ್ಕೊಂಡು, ಬ್ಯಾಗಲ್ಲಿ ಡೈರೆಕ್ಟರಿ ಹೊತ್ಕೊಂಡು ಹೋಗೋದನ್ನ ನಾಟಕ ನೋಡೋ ಹಾಗೆ ನೋಡ್ತಿದ್ರಾ? ರಜೆ ಹಾಕು ಅಂತ ಬೇರೆ ಕೇಳಿದ್ರಲ್ಲ! ಮಜಾ ಬಂತಾ?’

ಪಕ್ಕದ ಲಾರಿಯವನು ನಮ್ಮ ಕಡೆ ತಿರುಗಿ ನೋಡಿದ. ಅಪ್ಪ ನಾನು ಕೂಗಿ ಮುಗಿಸುವವರೆಗೆ ಕಾದರು. ಆಮೇಲೆ ಹೇಳಿದರು, ಪರಿಚಯ ಮಾಡಿಕೊಡುವ ಅದೇ ದನಿಯಲ್ಲಿ, ಸ್ವಲ್ಪ ನಿಧಾನವಾಗಿ.

‘ಆಸ್ಪತ್ರೆ ಎಲ್ಲಿ ಅಂದ್ಯಲ್ಲ. ಅರವತ್ತೆರಡರಲ್ಲಿ ಪರೀಕ್ಷೇಲಿ ಫೇಲಾದೆ. ಅಲ್ಲಿದ್ದ ಸಣ್ಣ ಕೆಲಸಾನೂ ಮುಗೀತು. ಮತ್ತೆ ಕೂತೆ, ಮತ್ತೆ ಫೇಲು. ಹತ್ತು ತಿಂಗಳು ನಂಗೆ ಏನೂ ಇರ್ಲಿಲ್ಲ. ರೂಮಿನ ಓನರಮ್ಮ ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ಹಾಕಿದ್ರೆ ಸಂಜೆ ಐದಕ್ಕೇ ಬಾಗಿಲು ತೆಗೆಯೋಳು. ಅದೂ ಎಂಥ ಚಳಿಗಾಲ ಅದು! ಬೆಚ್ಚಗಿರೋ ಜಾಗ ಹುಡುಕ್ಕೊಂಡು ನಡೆದು ನಡೆದು ಆ ಊರು ಕಲಿತೆ ನಾನು.’

‘ಊರಲ್ಲಿದ್ದ ನಿಮ್ಮಪ್ಪಂಗೆ ಏನು ಹೇಳಿದ್ರಿ?’ ಎಂದೆ.

‘ವಾರಕ್ಕೊಂದು ಕಾಗದ. ಇವತ್ತು ಅಪೆಂಡಿಕ್ಸ್ ಮಾಡ್ದೆ, ನಿನ್ನೆ ಹರ್ನಿಯ ಮಾಡ್ದೆ. ಗಾಜಿನ ಮನೇಲಿ ತಾಳೆ ಮರದ ಕೆಳಗೆ ಕೂತು ಬರೆದೆ ಎಲ್ಲಾ. ಅವರೂ ತಪ್ಪದೆ ಉತ್ತರ ಬರೆಯೋರು. ಆಪರೇಷನ್ ಯಶಸ್ವಿಯಾದದ್ದು ತಿಳಿದು ಸಂತೋಷವಾಯಿತು, ಅಂತ. ಮೂರನೇ ಸಲ ಪಾಸಾದೆ. ಊರಿಗೆ ಬಂದೆ. ಅವರು ತೀರ್ಕೊಂಡ ಮೇಲೆ ನಮ್ಮಮ್ಮ ಹೇಳಿದ್ಲು. ನನ್ನ ಜೊತೆಗಿದ್ದ ಗುರುಲಿಂಗಪ್ಪ ವಾಪಸ್ ಬಂದವನು, ನಾನು ಮೊದಲ ಸಲ ಫೇಲಾದ ತಿಂಗಳೇ ಅವರಿಗೆ ಎಲ್ಲಾ ಹೇಳಿದ್ನಂತೆ.’

ನಾನು ತೊಡೆಯ ಮೇಲಿನ ಕಾಫಿ ಒರೆಸಿಕೊಂಡೆ.

‘ಒಂದ್ಸಲ ಕೇಳ್ಬೇಕಿತ್ತು ಅವರು. ಏನೋ, ಹೇಗಿದೀಯ ನಿಜವಾಗ್ಲೂ, ಅಂತ ಒಂದು ಸಾಲು ಬರೆದಿದ್ರೆ ಸಾಕಾಗ್ತಿತ್ತು. ಆ ಸಿಟ್ಟು ನಂಗೆ ಇನ್ನೂ ಹೋಗಿಲ್ಲ ಕಣೋ.’

‘ಮತ್ತೆ ನೀವ್ಯಾಕೆ ಜನವರೀಲೇ ಕೇಳ್ಲಿಲ್ಲ?’

ಅವರು ಫ್ಲಾಸ್ಕಿನ ಬಿರಡೆಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಸಾವಿರಾರು ಹೊಟ್ಟೆ ಹೊಲಿದ ಕೈಗಳು.

‘ಕೇಳೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ,’ ಎಂದರು.

ನನಗೆ ಇನ್ನೂ ಸಿಟ್ಟಿದೆ. ಯಾರ ಮೇಲೆ ಎಂದು ಪಟ್ಟಿ ಮಾಡಲು ಕೂತೆ, ಕಂಪನಿಯ ಹೆಸರು ಬರೆದೆ. ಮುಂದಿನ ಹೆಸರು ಹೊಳೆಯಲಿಲ್ಲ.

ಮಾರ್ಚ್ 19, ಗುರುವಾರ

ಭಾನುವಾರ ಇಂಚರಾಗೆ ನಾನೇ ಹೇಳಿದೆ, ಬೆಳಗಿನಿಂದ ಗಂಟಲು ಸರಿ ಮಾಡಿಕೊಂಡು. ‘ಓಕೆ,’ ಎಂದಳು. ‘ಸೋ ಯು ಕ್ಯಾನ್ ಪಿಕ್ ಮಿ ಅಪ್ ಫ್ರಮ್ ಸ್ಕೂಲ್?’ ಇದಕ್ಕೆ ನಾನು ಒಂಬತ್ತು ವಾರ ಬೆವರಿದ್ದು!

ಇವತ್ತು ಕಾರಿನಲ್ಲಿ ಇಬ್ಬರು. ಮನೆಯಲ್ಲೇ ಇರಬಹುದಲ್ಲ ಎಂದರೆ ಅಪ್ಪ ಕೇಳಲಿಲ್ಲ, ಜಾಗ ನೋಡಬೇಕಂತೆ. ಬಂದವರೇ ತಪ್ಪು ತೆಗೆಯಲು ಶುರು ಮಾಡಿದರು. ‘ಇಷ್ಟು ದಿನ ಇಲ್ಲಿ ಹಾಕ್ತಿದ್ಯಾ? ಗಾಳಿಗೆ ಎದುರಾಗಿ? ಆ ಮೂಲೆಗೆ ಹಾಕು, ಹತ್ತೂವರೆಗೆ ಬಿಸಿಲು ಬರತ್ತೆ.’ ಹತ್ತು ಮೂವತ್ತೈದಕ್ಕೆ ಬಂತು. ಐದು ನಿಮಿಷ ತಡ ಎಂದೆ.

‘ಈಗ ಕೇಳಿದ್ರೆ ರಜೆ ಸಿಗತ್ತೇನೋ?’ ಎಂದರು.

ಅಂಥ ಸಿಟ್ಟು ಬಂತು, ನಕ್ಕುಬಿಟ್ಟೆ.

ಏಪ್ರಿಲ್ 23, ಗುರುವಾರ. ಎಡಿನ್‌ಬರೋ

ಮೆಟ್ಟಿಲಿನ ಗಾಳಿ ನನ್ನ ಟೋಪಿ ಹಾರಿಸಿಕೊಂಡು ಹೋಯಿತು. ‘ಹೇಳಿದ್ದೆ,’ ಎಂದರು ಅಪ್ಪ. ಅವರ ಚಹಾದಂಗಡಿ ಇಲ್ಲ, ಆ ಜಾಗದಲ್ಲಿ ಯಾವುದೋ ಫೋನಿನ ಅಂಗಡಿ. ಅಪ್ಪ ಅದರ ಮುಂದೆ ನಿಂತು ಬೈದರು, ನಾನೂ ಜೊತೆಗೆ ಬೈದೆ.

ಹೂವಿನ ಗಡಿಯಾರದ ಹತ್ತಿರದ ಬೆಂಚಿನಲ್ಲಿ ಕೂತಿದ್ದೆವು. ತೋಪು ಹಾರಿತು. ಐವತ್ತು ಸಲ ಅದರ ಕಥೆ ಕೇಳಿದ್ದರೂ ನಾನು ಬೆಚ್ಚಿಬಿದ್ದೆ. ಬೀದಿಯಲ್ಲಿ ಒಬ್ಬಿಬ್ಬರ ಕೈ ಮೇಲೆ ಹೋಯಿತು, ಅಪ್ಪನದೂ ಹೋಯಿತು.

‘ವಾಚ್ ನೋಡ್ಕೊಳ್ದೇ ಇರೋನು ಟೂರಿಸ್ಟು, ಇಲ್ಲಾ ಅಂತ ಅವತ್ತು ನಿಲ್ಲಿಸಿದ್ರಿ. ಇಲ್ಲಾ ಏನು?’

‘ಇಲ್ಲಾ ಕೆಲಸ ಇಲ್ದೋನು. ಅದಕ್ಕೇ ನಾನು ಆ ಹತ್ತು ತಿಂಗಳು ಒಂದು ದಿನಾನೂ ತಪ್ಪಿಸ್ದೆ ಕೈ ಎತ್ತಿ ನೋಡ್ಕೋತಿದ್ದೆ.’ ಮಣಿಕಟ್ಟನ್ನು ಉಜ್ಜಿಕೊಂಡರು. ‘ವಾಚ್ ಕೆಟ್ಟುಹೋಗಿತ್ತು.’

ನನ್ನ ಕೈಯೂ ಅರ್ಧ ಮೇಲೆ ಬಂದಿತ್ತು. ಇಳಿಸಿದೆ. ಹಸಿವಾಗಿತ್ತು, ಬ್ಯಾಗಿನಿಂದ ಡಬ್ಬಿ ತೆಗೆದೆ.